ಬಂದರಿನಲ್ಲಿ ನಿಂತ ಯುದ್ಧನೌಕೆಗೆ ಬೆಂಕಿ: 'ಬ್ರಹ್ಮಪುತ್ರ' ಮತ್ತು ಅದರ ಹಿಂದಿನ ಕೆಲವು ದುರಂತಗಳು

2024ರ ಜುಲೈ 21, ಭಾನುವಾರ ಸಂಜೆ ಮುಂಬಯಿಯ ನೌಕಾ ಡಾಕ್‌ಯಾರ್ಡಿನಲ್ಲಿ ದುರಸ್ತಿಗಾಗಿ ನಿಂತಿದ್ದ ಭಾರತೀಯ ನೌಕಾಪಡೆಯ 'ಐ.ಎನ್.ಎಸ್. ಬ್ರಹ್ಮಪುತ್ರ' ಯುದ್ಧನೌಕೆಯಲ್ಲಿ ಬೆಂಕಿ ಕಾಣಿಸಿಕೊಂಡಿತು. ಹಡಗಿನ ಸಿಬ್ಬಂದಿ, ಡಾಕ್‌ಯಾರ್ಡಿನ ಅಗ್ನಿಶಾಮಕ ದಳದವರು ಹಾಗೂ ಬಂದರಿನಲ್ಲಿದ್ದ ಇತರ ನೌಕೆಗಳ ನಾವಿಕರು ಒಟ್ಟಾಗಿ ಶ್ರಮಿಸಿ ಮರುದಿನ ಬೆಳಗಾಗುವಷ್ಟರಲ್ಲಿ ಅದನ್ನು ಹತೋಟಿಗೆ ತಂದರು. ಅಲ್ಲಿಗೆ ಗಂಡಾಂತರ ಕಳೆಯಿತೆಂದು ಯಾರಾದರೂ ಭಾವಿಸುವುದು ಸಹಜ. ಆದರೆ ಸೋಮವಾರ ಮಧ್ಯಾಹ್ನ ನೌಕೆ ತನ್ನ ಎಡಮಗ್ಗುಲಿಗೆ ತೀವ್ರವಾಗಿ ವಾಲತೊಡಗಿತು. ಅದನ್ನು ನೆಟ್ಟಗೆ ನಿಲ್ಲಿಸುವ ಯತ್ನಗಳು ಫಲಿಸಲಿಲ್ಲ. ವಾಲುತ್ತ ವಾಲುತ್ತ ಕಡೆಗೆ ತಾನು ಕಟ್ಟಿಕೊಂಡಿದ್ದ ಕಟ್ಟೆಯ ಪಕ್ಕದಲ್ಲಿಯೇ ಒಂದು ಮಗ್ಗುಲಾಗಿ ಮಲಗಿಬಿಟ್ಟಿತು. ಲೆಕ್ಕಕ್ಕೆ ಸಿಗದೆ ಹೋದ ಕಿರಿಯ ನಾವಿಕನೊಬ್ಬನ ಮೃತದೇಹವನ್ನು ಮುಳುಗುಗಾರರು ಜುಲೈ 24ರಂದು ಹೊರತೆಗೆದರು.

'ಬ್ರಹ್ಮಪುತ್ರ' ಸಾಮಾನ್ಯ ನೌಕೆಯಲ್ಲ. ಕೋಲ್ಕತ್ತದ ಗಾರ್ಡನ್ ರೀಚ್ ಹಡಗು ಕಾರ್ಖಾನೆಯಲ್ಲಿ ನಮ್ಮವರೇ ನಿರ್ಮಿಸಿದ, ತನ್ನದೇ ಹೆಸರಿನ ವರ್ಗದ ಮೊದಲ ಕ್ಷಿಪಣಿ ಫ್ರಿಗೇಟು. 2000ದ ಏಪ್ರಿಲಿನಲ್ಲಿ ಸೇವೆಗೆ ಸೇರಿತ್ತು. ಉದ್ದ 125 ಮೀಟರು, ಅಗಲ ಹದಿನಾಲ್ಕೂವರೆ ಮೀಟರಿಗೆ ಸಮೀಪ, ತೂಕ 5,300 ಟನ್ನು. ಗಂಟೆಗೆ 27 ನಾಟಿಗೂ ಮಿಕ್ಕಿದ ವೇಗ. 40 ಅಧಿಕಾರಿಗಳೂ 330 ನಾವಿಕರೂ ಅದರಲ್ಲಿ ಸೇವೆ ಸಲ್ಲಿಸುವ ವ್ಯವಸ್ಥೆ. ಇಂತಹ ಹಡಗೊಂದು ಶತ್ರುವಿನ ಗುಂಡಿಲ್ಲದೆ, ಬಿರುಗಾಳಿಯಿಲ್ಲದೆ, ಕೋಟೆ ಪ್ರದೇಶದ ಕಚೇರಿಗಳಿಂದ ಕೂಗಳತೆಯ ದೂರದಲ್ಲಿ ಹಗ್ಗದಲ್ಲಿ ಕಟ್ಟಿಕೊಂಡಿದ್ದಾಗ ಹೇಗೆ ಬಿದ್ದಿತು ಎಂಬ ಪ್ರಶ್ನೆ ಆ ದಿನಗಳಲ್ಲಿ ನಮ್ಮ ಅನೇಕ ಮನೆಗಳಲ್ಲಿ ಕೇಳಿಬಂದಿತ್ತು. ನೌಕಾಪಡೆ ತನಿಖೆಗೆ ಆದೇಶಿಸಿತು. ಆ ಬೆಂಕಿಯ ಮೂಲವನ್ನು ನಾವು ಇಲ್ಲಿ ಕುಳಿತು ತೀರ್ಮಾನಿಸಹೊರಡುವುದು ತರವಲ್ಲ. ಆದರೆ ಬಂದರಿನಲ್ಲಿರುವ ಹಡಗಿಗೆ ಬೆಂಕಿಯ ಭಯ ಏಕೆ ಹೆಚ್ಚು, ಬೆಂಕಿ ಆರಿದ ಮೇಲೂ ಹಡಗು ಏಕೆ ಬೀಳುತ್ತದೆ ಎಂಬುದು ಗುಟ್ಟಿನ ವಿಷಯವಲ್ಲ. ಎಂಬತ್ತು ವರ್ಷಗಳಿಂದ ಜಗತ್ತು ಇದನ್ನು ದುಬಾರಿ ಬೆಲೆ ತೆತ್ತು ಕಲಿಯುತ್ತಲೇ ಬಂದಿದೆ, ಮರೆಯುತ್ತಲೂ ಬಂದಿದೆ.

ದಡದ ಹತ್ತಿರವೇ ಅಪಾಯ

ನಡುಗಡಲಿನಲ್ಲಿ ಬೆಂಕಿ ಬಿದ್ದರೆ ಓಡಿಹೋಗಲು ಸ್ಥಳವಿಲ್ಲ, ದಡದಲ್ಲಿಯಾದರೆ ಹೊರಗಿನ ಸಹಾಯ ಒದಗುತ್ತದೆ ಎಂಬುದು ಲೋಕದ ಎಣಿಕೆ. ವಸ್ತುಸ್ಥಿತಿ ಇದಕ್ಕೆ ವ್ಯತಿರಿಕ್ತವಾಗಿದೆ. ಸಮುದ್ರದ ಮೇಲೆ ಸಾಗುತ್ತಿರುವ ಯುದ್ಧನೌಕೆಯಲ್ಲಿ ಪೂರ್ಣ ಸಿಬ್ಬಂದಿಯಿರುತ್ತದೆ. ಅವರಲ್ಲಿ ಪ್ರತಿಯೊಬ್ಬನಿಗೂ ಬೆಂಕಿ ನಂದಿಸುವ ತರಬೇತಿಯಾಗಿರುತ್ತದೆ. ಯಾರು ಎಲ್ಲಿ ನಿಲ್ಲಬೇಕೆಂಬುದು ಮೊದಲೇ ಗೊತ್ತಾಗಿರುತ್ತದೆ. ಪಂಪುಗಳು ಸಿದ್ಧವಾಗಿರುತ್ತವೆ. ಕೋಣೆ ಕೋಣೆಗಳ ನಡುವಿನ ಉಕ್ಕಿನ ಬಾಗಿಲುಗಳನ್ನು ಕ್ಷಣಮಾತ್ರದಲ್ಲಿ ಬಿಗಿದು, ಹೊತ್ತಿದ ಭಾಗವನ್ನು ಉಳಿದ ಹಡಗಿನಿಂದ ಬೇರ್ಪಡಿಸಬಹುದು.

ದುರಸ್ತಿಗೆ ಬಂದು ನಿಂತ ಹಡಗಿನಲ್ಲಿ ಇವೆಲ್ಲವೂ ಒಂದೊಂದಾಗಿ ಕಳಚಿಹೋಗುತ್ತವೆ. ಸಿಬ್ಬಂದಿಯ ಬಹುಭಾಗ ರಜೆಯಲ್ಲೋ, ತರಬೇತಿಯಲ್ಲೋ, ಬೇರೆ ನೌಕೆಯಲ್ಲೋ ಇರುತ್ತದೆ. ರಾತ್ರಿ ಮತ್ತು ಭಾನುವಾರಗಳಲ್ಲಿ ಸರದಿಯ ಕೆಲವೇ ಮಂದಿ ಹಡಗಿನ ಮೇಲಿರುತ್ತಾರೆ. ಅಗ್ನಿಶಾಮಕ ಕೊಳವೆಗಳನ್ನೂ ಪಂಪುಗಳನ್ನೂ ದುರಸ್ತಿಗಾಗಿ ಬಿಚ್ಚಿರುವುದುಂಟು. ದಡದಿಂದ ವಿದ್ಯುತ್ತಿನ ಕೇಬಲ್ಲು, ಗಾಳಿಯ ಕೊಳವೆ, ನೀರಿನ ಪೈಪು ಇವೆಲ್ಲ ಬಾಗಿಲು ಹಾಗೂ ಇಳಿಗಿಂಡಿಗಳ ಮೂಲಕವೇ ಒಳಹೋಗುವುದರಿಂದ ಆ ಬಾಗಿಲುಗಳನ್ನು ಮುಚ್ಚುವಂತಿಲ್ಲ. ಅದೇ ಹೊತ್ತಿಗೆ ಹಡಗಿನೊಳಗೆ ವೆಲ್ಡಿಂಗು, ಗ್ಯಾಸ್ ಕಟ್ಟಿಂಗುಗಳ ಕಿಡಿ. ಬಣ್ಣದ ಡಬ್ಬಿ, ಎಣ್ಣೆ ಮೆತ್ತಿದ ಚಿಂದಿ, ಮರದ ಹಲಗೆ, ರಟ್ಟಿನ ಪೆಟ್ಟಿಗೆಗಳ ರಾಶಿ. ಒಟ್ಟಿನಲ್ಲಿ ಉರುವಲು ಒಳಬಂದಿದೆ, ಕಿಡಿ ಒಳಬಂದಿದೆ, ಕಾವಲು ಮಾತ್ರ ಹೊರಗೆ ಹೋಗಿದೆ.

ಇನ್ನು ಉಕ್ಕಿನ ಸ್ವಭಾವ. ಉಕ್ಕು ಉರಿಯದು, ಆದರೆ ಶಾಖವನ್ನು ಚೆನ್ನಾಗಿ ಸಾಗಿಸುತ್ತದೆ. ಒಂದು ಕೋಣೆಯಲ್ಲಿ ಬೆಂಕಿಯಿದ್ದರೆ ಅದರ ಮೇಲಿನ ಕೋಣೆಯ ನೆಲ ಕಾದ ಕಾವಲಿಯಂತಾಗುತ್ತದೆ. ಪಕ್ಕದ ಗೋಡೆಯ ಮೇಲಿನ ಬಣ್ಣ, ಕೇಬಲ್ಲಿನ ಹೊದಿಕೆ, ಗೋಡೆಗೆ ಒರಗಿಸಿಟ್ಟ ಸಾಮಾನು ಇವು ಜ್ವಾಲೆ ತಾಗದೆಯೇ ಹೊತ್ತಿಕೊಳ್ಳುತ್ತವೆ. ಆದುದರಿಂದ ಹಡಗಿನ ಬೆಂಕಿಯನ್ನು ಎದುರಿನಿಂದ ಮಾತ್ರವಲ್ಲ, ನಾಲ್ಕು ಮಗ್ಗುಲು, ಮೇಲೆ ಮತ್ತು ಕೆಳಗೆ ಹೀಗೆ ಆರು ದಿಕ್ಕಿನಿಂದ ತಡೆಯಬೇಕಾಗುತ್ತದೆ. ಸುತ್ತಲಿನ ಗೋಡೆಗಳಿಗೆ ನೀರೆರಚಿ ತಣಿಸುತ್ತಲೇ ಇರಬೇಕಾಗುತ್ತದೆ. ಕಿಟಕಿಯಿಲ್ಲದ ಆ ಓಣಿಗಳಲ್ಲಿ ಹೊಗೆ ತುಂಬಿದರೆ ಕಣ್ಣೆದುರಿನ ಸ್ವಂತ ಕೈಯೂ ಕಾಣದು. ಬೆನ್ನಿಗೆ ಕಟ್ಟಿಕೊಂಡ ಉಸಿರಾಟದ ಸಿಲಿಂಡರಿನ ಗಾಳಿ ಮುಗಿಯುವುದರೊಳಗೆ ಒಳಹೊಕ್ಕು, ಕೆಲಸ ಮಾಡಿ, ಬಂದ ದಾರಿಯಲ್ಲೇ ಹಿಂದಿರುಗಬೇಕು. ನಗರದ ಅಗ್ನಿಶಾಮಕ ದಳದವರು ಎಷ್ಟೇ ಧೈರ್ಯಶಾಲಿಗಳಾದರೂ ಅವರಿಗೆ ಪರಿಚಯವಿರುವುದು ಕಟ್ಟಡಗಳು. ಹಡಗಿನ ಏಣಿ, ಇಳಿಗಿಂಡಿ, ಅಡ್ಡಗೋಡೆಗಳ ಚಕ್ರವ್ಯೂಹವಲ್ಲ.

ಕಾಪಾಡುವ ನೀರೇ ಕೆಡವುವ ಬಗೆ

ಈಗ 'ಬ್ರಹ್ಮಪುತ್ರ' ವಾಲಿದ ಬಗೆಗೆ ಬರೋಣ. ಬೆಂಕಿಗೆ ಸುರಿದ ನೀರು ಕಟ್ಟಡದಲ್ಲಾದರೆ ಮೆಟ್ಟಿಲಿಳಿದು ಚರಂಡಿ ಸೇರುತ್ತದೆ. ಹಡಗಿನಲ್ಲಿ ಅದು ಒಳಗೇ ಉಳಿಯುತ್ತದೆ. ದೊಡ್ಡ ಹೋಸ್‌ಪೈಪೊಂದು ನಿಮಿಷಕ್ಕೆ ಅರ್ಧ ಟನ್ನಿನಿಂದ ಒಂದು ಟನ್ನಿನವರೆಗೂ ನೀರು ಚೆಲ್ಲಬಲ್ಲದು. ಅಂತಹ ಹತ್ತು ಪೈಪುಗಳು ಒಂದು ಗಂಟೆ ಕೆಲಸ ಮಾಡಿದರೆ 300ರಿಂದ 600 ಟನ್ನು. ಇದರಲ್ಲಿ ಒಂದಷ್ಟು ಆವಿಯಾಗುತ್ತದೆ, ಒಂದಷ್ಟು ಹೊರಗೆ ಹರಿಯುತ್ತದೆ. ಉಳಿದದ್ದೂ ಐದು ಸಾವಿರ ಟನ್ನಿನ ನೌಕೆಗೆ ಅಲ್ಪವಲ್ಲ.

ಭಾರಕ್ಕಿಂತಲೂ ಕೇಡು ಮಾಡುವುದು ಆ ನೀರಿನ ಚಂಚಲತೆ. ನಮ್ಮ ಹಿರಿಯ ಹೆಂಗಸರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಿರಿದಾದ ಕಂಠದ ಕೊಡದಲ್ಲಿ ನೀರು ತುಂಬಿ ಸೊಂಟದ ಮೇಲಿಟ್ಟು ಗುಡ್ಡ ಹತ್ತಿದವರು, ಅಷ್ಟೇ ನೀರನ್ನು ಅಗಲವಾದ ಹರಿವಾಣದಲ್ಲಿ ಹೊತ್ತು ನಾಲ್ಕು ಹೆಜ್ಜೆಯೂ ಇಡಲಾರರು. ಹರಿವಾಣ ತುಸು ಓರೆಯಾದರೆ ನೀರೆಲ್ಲ ಆ ಬದಿಗೆ ಧಾವಿಸುತ್ತದೆ. ಓಡಿದ ನೀರಿನ ಭಾರಕ್ಕೆ ಹರಿವಾಣ ಇನ್ನಷ್ಟು ಓರೆಯಾಗುತ್ತದೆ. ಹಡಗಿನ ಅಗಲವಾದ ಕೋಣೆಗಳಲ್ಲಿ ಅಡಿಯೆತ್ತರ ನಿಂತ ನೀರು ಮಾಡುವುದೂ ಇದನ್ನೇ. ಹಡಗುವಿಜ್ಞಾನದ ಲೆಕ್ಕದಂತೆ, ನೀರು ನಿಂತ ಕೋಣೆಯ ಅಗಲ ಇಮ್ಮಡಿಯಾದರೆ ಹಡಗಿನ ಸ್ಥಿರತೆಗೆ ಆಗುವ ಹಾನಿ ಎಂಟು ಮಡಿಯಾಗುತ್ತದೆ. ನೀರು ಮೇಲಿನ ಅಂತಸ್ತುಗಳಲ್ಲಿ ನಿಂತರಂತೂ ಗುರುತ್ವ ಕೇಂದ್ರವೂ ಮೇಲೇರಿ ಎರಡು ಪಟ್ಟು ಅಪಾಯ. ವಾಲಿಕೆ ಒಂದು ಮಿತಿ ದಾಟಿತೆಂದರೆ ಹಡಗಿನ ಬದಿಯ ಕಿಂಡಿ, ಬಾಗಿಲುಗಳು ಕಡಲಿನ ಮಟ್ಟಕ್ಕೆ ಇಳಿಯುತ್ತವೆ. ಆಮೇಲೆ ಒಳನುಗ್ಗುವುದು ಪೈಪಿನ ನೀರಲ್ಲ, ಸಮುದ್ರವೇ.

ಆದ್ದರಿಂದ ಬೆಂಕಿಗೆ ನೀರು ಸುರಿಯುವವರ ಬೆನ್ನಿಗೇ, ಸುರಿದ ನೀರನ್ನು ಹೊರಹಾಕುವವರೂ, ಗಳಿಗೆ ಗಳಿಗೆಗೂ ಹಡಗಿನ ಸಮತೋಲದ ಲೆಕ್ಕ ಹಾಕುವವರೂ ಇರಬೇಕು. ಆ ಮೂರನೆಯವನ ಮಾತಿಗೆ ಬೆಲೆಯಿರಬೇಕು. ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ನ್ಯೂಯಾರ್ಕಿನ ಕಥೆಯೇ ಸಾಕ್ಷಿ.

'ನಾರ್ಮಂಡಿ'ಯ ಪತನ

ಫ್ರೆಂಚರ 'ನಾರ್ಮಂಡಿ' ತನ್ನ ಕಾಲದ ಅತಿ ವೈಭವದ ಪ್ರಯಾಣಿಕ ಹಡಗುಗಳಲ್ಲೊಂದು. ಉದ್ದ 313 ಮೀಟರು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕ ಅದನ್ನು ವಶಪಡಿಸಿಕೊಂಡು, 'ಲಫಾಯೆಟ್' ಎಂದು ಮರುನಾಮಕರಣ ಮಾಡಿ, ತನ್ನ ನೌಕಾಪಡೆಯ ಸೈನಿಕ ಸಾಗಾಟದ ಹಡಗಾಗಿ ಪರಿವರ್ತಿಸಲು ನ್ಯೂಯಾರ್ಕ್ ಬಂದರಿನ 88ನೆಯ ಕಟ್ಟೆಯಲ್ಲಿ ನಿಲ್ಲಿಸಿತ್ತು. ಕೆಲಸ ಅವಸರದ್ದು. 1942ರ ಫೆಬ್ರವರಿ 9ರ ಮಧ್ಯಾಹ್ನ, ಭವ್ಯವಾದ ಸಭಾಂಗಣದಲ್ಲಿ ಲೋಹದ ಕಂಬವೊಂದನ್ನು ಕತ್ತರಿಸುತ್ತಿದ್ದಾಗ ಕಿಡಿ ಹಾರಿ, ಅಲ್ಲಿಯೇ ರಾಶಿ ಹಾಕಿದ್ದ ಜೀವರಕ್ಷಕ ಕವಚಗಳ ಮೂಟೆಗಳ ಮೇಲೆ ಬಿದ್ದಿತು. ಕವಚಗಳೊಳಗೆ ಇದ್ದದ್ದು ಬೂರುಗದ ಹತ್ತಿಯಂತಹ ಕೇಪೋಕ್ ಎಂಬ ನಾರು. ಕಿಡಿಗೆ ಕಾದಂತೆ ಹೊತ್ತಿಕೊಂಡಿತು. ಜನರನ್ನು ಮುಳುಗದಂತೆ ಕಾಯಬೇಕಾದ ಕವಚಗಳೇ ಹಡಗನ್ನು ಮುಳುಗಿಸಲು ಮೊದಲ ಉರುವಲಾದವು.

ಹಡಗಿನ ಸ್ವಂತ ಅಗ್ನಿಶಾಮಕ ವ್ಯವಸ್ಥೆ ಆ ವೇಳೆಗೆ ನಿಷ್ಕ್ರಿಯವಾಗಿತ್ತು. ಫ್ರೆಂಚ್ ಮಾದರಿಯ ಕೊಳವೆಗಳ ತಿರುಪು ನ್ಯೂಯಾರ್ಕಿನ ದಳದವರ ಪೈಪುಗಳಿಗೆ ಹೊಂದಲಿಲ್ಲ. ನಗರದ ದಳಕ್ಕೆ ಸುದ್ದಿ ಮುಟ್ಟುವುದೇ ತಡವಾಯಿತು. ಬಂದ ಮೇಲೆ ದಡದಿಂದಲೂ, ಬೆಂಕಿದೋಣಿಗಳಿಂದಲೂ ಸಾವಿರಾರು ಟನ್ನು ನೀರು ಸುರಿಯಲಾಯಿತು. ರಾತ್ರಿಯ ವೇಳೆಗೆ ಬೆಂಕಿಯೇನೋ ಅಡಗಿತು; ಆದರೆ ನೀರೆಲ್ಲ ಮೇಲಿನ ಅಂತಸ್ತುಗಳಲ್ಲಿ ನಿಂತು ಹಡಗು ವಾಲತೊಡಗಿತ್ತು.

ಹಡಗಿನ ಶಿಲ್ಪಿ ವ್ಲಾದಿಮಿರ್ ಯೂರ್ಕೆವಿಚ್ ಅಂದು ನ್ಯೂಯಾರ್ಕಿನಲ್ಲಿಯೇ ಇದ್ದರು. ಸ್ಥಳಕ್ಕೆ ಧಾವಿಸಿ ಬಂದ ಅವರು ಸೂಚಿಸಿದ್ದು ಕೇಳಲು ವಿಪರೀತವೆನಿಸುವ ಉಪಾಯ: ಹಡಗಿನ ತಳದ ಕವಾಟಗಳನ್ನು ತೆರೆದು ಬೇಕೆಂದೇ ನೀರು ಬಿಡಿ, ಅದು ನೇರವಾಗಿಯೇ ಕೆಲವು ಅಡಿ ಇಳಿದು ಬಂದರಿನ ಕೆಸರಿನ ಮೇಲೆ ಕುಳಿತುಕೊಳ್ಳುತ್ತದೆ, ಆಗ ಎಷ್ಟು ನೀರು ಸುರಿದರೂ ಉರುಳದು. ನೌಕಾಪಡೆಯ ಅಧಿಕಾರಿಗಳು ಒಪ್ಪಲಿಲ್ಲ. ನಡುರಾತ್ರಿ ಕಳೆದು ಸುಮಾರು ಎರಡೂಮುಕ್ಕಾಲಿಗೆ 'ನಾರ್ಮಂಡಿ' ಮಗುಚಿ ಮಲಗಿತು. ಅದನ್ನು ಎತ್ತಿ ನಿಲ್ಲಿಸಲು ಒಂದೂವರೆ ವರ್ಷ ಬೇಕಾಯಿತು. ಬಳಿಕ ಸೇವೆಗೆ ಬಾರದೆ, 1946ರಲ್ಲಿ 1,61,680 ಡಾಲರಿಗೆ ಗುಜರಿಯವರ ಪಾಲಾಯಿತು. ಹಡಗನ್ನು ಕಟ್ಟಿದಾತನೇ ಎದುರಿಗೆ ನಿಂತು ಹೇಳಿದರೂ, ಅಧಿಕಾರದ ಪಟ್ಟಿಯಲ್ಲಿ ಅವನ ಹೆಸರಿಲ್ಲದ ಕಾರಣಕ್ಕೆ ಮಾತು ನಡೆಯಲಿಲ್ಲವೆಂಬುದು ನಮಗೆ ಈ ಕಥೆಯಲ್ಲಿ ಅತ್ಯಂತ ವಿಷಾದದ ಸಂಗತಿಯೆನಿಸುತ್ತದೆ. ಅಂತಹ ಪಟ್ಟಿಗಳು ಬಂದರಿನಲ್ಲಿ ಮಾತ್ರವಿರುವುದಲ್ಲ.

ಮುಂಬಯಿಯ ನೆನಪುಗಳು

ಇದೇ ಇಕ್ಕಟ್ಟು ಎರಡು ವರ್ಷಗಳ ತರುವಾಯ ನಮ್ಮ ಮುಂಬಯಿಯಲ್ಲಿ ಎದುರಾದಾಗ ಫಲ ಇನ್ನೂ ಘೋರವಾಯಿತು. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕಿನಲ್ಲಿದ್ದ 'ಫೋರ್ಟ್ ಸ್ಟಿಕೀನ್' ಯುದ್ಧನೌಕೆಯಲ್ಲ, ಯುದ್ಧಸಾಮಗ್ರಿ ಹೊತ್ತ ಸರಕುಹಡಗು. ಸುಮಾರು 1,400 ಟನ್ನು ಸ್ಫೋಟಕ, ಅದರೊಂದಿಗೆ ಕರಾಚಿಯಲ್ಲಿ ತುಂಬಿದ ಹತ್ತಿಯ ಮೂಟೆಗಳು, ಜೊತೆಗೆ ಚಿನ್ನದ ಗಟ್ಟಿಗಳು. ಹತ್ತಿ ಮತ್ತು ಸ್ಫೋಟಕಗಳನ್ನು ಒಂದೇ ಒಡಲಲ್ಲಿಟ್ಟ ಬುದ್ಧಿವಂತಿಕೆಗೆ ಯುದ್ಧದ ಅವಸರವೇ ಸಮಜಾಯಿಷಿ. ಮಧ್ಯಾಹ್ನ ಎರಡರ ಸುಮಾರಿಗೆ ಎರಡನೆಯ ಗೋದಾಮಿನಿಂದ ಹೊಗೆ ಕಂಡಿತು. 900 ಟನ್ನಿಗೂ ಹೆಚ್ಚು ನೀರು ಸುರಿದರೂ ಬೆಂಕಿಯ ಮೂಲ ಸಿಕ್ಕಲಿಲ್ಲ. ಉರಿಯುವ ಹತ್ತಿ ಆ ನೀರಿನ ಮೇಲೆ ತೇಲಿ ಮೇಲಿದ್ದ ಸ್ಫೋಟಕಗಳತ್ತ ಏರಿತು. ಹಡಗನ್ನು ಮುಳುಗಿಸೋಣವೆಂದರೆ ಡಾಕಿನ ಆಳ ಸಾಲದು; ಹೊರಗೆ ಕೊಂಡೊಯ್ಯೋಣವೇ, ಇಲ್ಲಿಯೇ ನಂದಿಸೋಣವೇ ಎಂಬ ಜಿಜ್ಞಾಸೆಯಲ್ಲಿ ಎರಡು ಗಂಟೆ ಕಳೆಯಿತು. ನಾಲ್ಕು ಗಂಟೆ ಆರು ನಿಮಿಷಕ್ಕೆ ಮೊದಲ ಸ್ಫೋಟ, ಅರ್ಧ ಗಂಟೆಯ ಬಳಿಕ ಎರಡನೆಯದು. ಸಿಮ್ಲಾದ ಭೂಕಂಪಮಾಪಕದಲ್ಲಿಯೂ ಅದು ದಾಖಲಾಯಿತು. ಎಂಟುನೂರಕ್ಕೂ ಹೆಚ್ಚು ಜನ ಸತ್ತರು. ಸುಮಾರು 80,000 ಮಂದಿ ಮನೆ ಕಳೆದುಕೊಂಡರು. ಅಂದು ಮಡಿದ 66 ಮಂದಿ ಅಗ್ನಿಶಾಮಕರ ಸ್ಮರಣೆಗಾಗಿಯೇ ದೇಶದಾದ್ಯಂತ ಏಪ್ರಿಲ್ 14ನ್ನು ಅಗ್ನಿಶಾಮಕ ಸೇವಾ ದಿನವೆಂದು ಆಚರಿಸಲಾಗುತ್ತದೆ. ಆ ದಿನ ನಮ್ಮ ಎದೆಗೆ ಸಿಕ್ಕಿಸುವ ಪುಟ್ಟ ಕಾಗದದ ಬಿಲ್ಲೆಯ ಹಿಂದೆ ಈ ನಗರದ ಡಾಕಿನ ಕಥೆಯಿದೆಯೆಂಬುದು ಹಲವರಿಗೆ ತಿಳಿಯದು.

ಸ್ವತಂತ್ರ ಭಾರತದ ನೌಕಾಪಡೆಯ ಕಹಿ ಅನುಭವಗಳಲ್ಲಿಯೂ ಮುಂಬಯಿಯ ಪಾಲು ದೊಡ್ಡದು. 2011ರ ಜನವರಿ 30ರಂದು 'ವಿಂಧ್ಯಗಿರಿ' ಯುದ್ಧನೌಕೆಗೆ ಬಂದರಿನ ದಾರಿಯಲ್ಲಿ ವಾಣಿಜ್ಯ ಹಡಗೊಂದು ಡಿಕ್ಕಿ ಹೊಡೆದು ಬೆಂಕಿ ಹೊತ್ತಿತು. ಜೀವಹಾನಿಯಿಲ್ಲದೆ ಡಾಕ್‌ಯಾರ್ಡಿಗೆ ತರಲಾಯಿತು, ಬೆಂಕಿಯನ್ನು ನಂದಿಸಲಾಯಿತು. ಮರುದಿನ ನೌಕೆ ಕಟ್ಟಿದ್ದಲ್ಲಿಯೇ ವಾಲಿ ಮುಳುಗಿತು. ಬಳಿಕ ಮೇಲೆತ್ತಲಾಯಿತಾದರೂ 2012ರಲ್ಲಿ ಸೇವೆಯಿಂದ ನಿವೃತ್ತವಾಯಿತು. 'ಬ್ರಹ್ಮಪುತ್ರ'ಕ್ಕೆ ಹದಿಮೂರು ವರ್ಷ ಮೊದಲು, ಅದೇ ನೀರಿನಲ್ಲಿ, ಹೆಚ್ಚುಕಡಿಮೆ ಅದೇ ಕ್ರಮದಲ್ಲಿ ನಡೆದ ಘಟನೆಯಿದು.

2013ರ ಆಗಸ್ಟ್ 14ರ ನಡುರಾತ್ರಿ ಕಳೆದ ಕೆಲವೇ ನಿಮಿಷಗಳಲ್ಲಿ 'ಸಿಂಧುರಕ್ಷಕ್' ಜಲಾಂತರ್ಗಾಮಿ ಸ್ಫೋಟಿಸಿತು. ರಷ್ಯಾದಲ್ಲಿ ದೊಡ್ಡ ದುರಸ್ತಿ ಮುಗಿಸಿ ಅದೇ ವರ್ಷ ಹಿಂದಿರುಗಿದ್ದ ಅದರಲ್ಲಿ ಆಯುಧಗಳನ್ನು ತುಂಬಲಾಗಿತ್ತು. ಒಳಗಿದ್ದ 18 ಮಂದಿ, ಅಂದರೆ ಮೂವರು ಅಧಿಕಾರಿಗಳೂ 15 ನಾವಿಕರೂ, ಹೊರಬರಲಾಗಲಿಲ್ಲ. ಮರುದಿನ ಸ್ವಾತಂತ್ರ್ಯೋತ್ಸವ, ಕೊಲಾಬಾದಿಂದ ದಹಿಸರದವರೆಗಿನ ನಮ್ಮ ಸಂಘಸಂಸ್ಥೆಗಳಲ್ಲಿ ಧ್ವಜವಂದನೆಗೆ ಸೇರಿದವರೆಲ್ಲರ ಬಾಯಲ್ಲೂ ಅದೇ ಮಾತಿತ್ತು. ಇದೇ ಜಲಾಂತರ್ಗಾಮಿಯಲ್ಲಿ 2010ರ ಫೆಬ್ರವರಿಯಲ್ಲಿ, ವಿಶಾಖಪಟ್ಟಣದಲ್ಲಿದ್ದಾಗ ಬೆಂಕಿ ಬಿದ್ದು ಒಬ್ಬ ನಾವಿಕ ಅಸುನೀಗಿದ್ದನೆಂಬುದನ್ನು ನೆನೆಯಬೇಕು. ಸಿಂಧುರಕ್ಷಕ್ ಘಟನೆಯ ಆರು ತಿಂಗಳ ಬಳಿಕ, 2014ರ ಫೆಬ್ರವರಿ 26ರಂದು 'ಸಿಂಧುರತ್ನ' ಜಲಾಂತರ್ಗಾಮಿಯಲ್ಲಿ ಸಮುದ್ರದಲ್ಲಿಯೇ ಹೊಗೆಯೆದ್ದು ಇಬ್ಬರು ಅಧಿಕಾರಿಗಳು ಮೃತರಾದರು. ಅಂದೇ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಡಿ.ಕೆ. ಜೋಶಿ ನೈತಿಕ ಹೊಣೆ ಹೊತ್ತು ರಾಜೀನಾಮೆಯಿತ್ತರು. ನಮ್ಮ ದೇಶದಲ್ಲಿ ಇದು ಪದೇ ಪದೇ ಕಾಣಸಿಗುವ ನಡೆಯಲ್ಲ. ಅನಂತರ 2022ರ ಜನವರಿ 18ರಂದು 'ರಣವೀರ್' ನೌಕೆ ಮುಂಬಯಿಯ ಡಾಕ್‌ಯಾರ್ಡಿನಲ್ಲಿದ್ದಾಗ ಒಳಕೋಣೆಯೊಂದರಲ್ಲಿ ಸ್ಫೋಟವಾಗಿ ಮೂವರು ನಾವಿಕರು ಮೃತರಾದರು.

'ಬ್ರಹ್ಮಪುತ್ರ'ದ ಸೋದರ ನೌಕೆ 'ಬೇತ್ವಾ' 2016ರ ಡಿಸೆಂಬರ್ 5ರಂದು ಇದೇ ಡಾಕ್‌ಯಾರ್ಡಿನಲ್ಲಿ, ಒಣ ಡಾಕಿನಿಂದ ಹೊರತರುವಾಗ ಮಗುಚಿ ಇಬ್ಬರು ನಾವಿಕರನ್ನು ಬಲಿ ತೆಗೆದುಕೊಂಡಿತ್ತು. ಅಲ್ಲಿ ಬೆಂಕಿಯಿರಲಿಲ್ಲ. ಅದನ್ನು ಇಲ್ಲಿ ಹೇಳಲು ಕಾರಣ, ಆ ನೌಕೆಯನ್ನು ಎತ್ತಿ ನಿಲ್ಲಿಸಿ, ದುರಸ್ತಿ ಮಾಡಿ, ಮತ್ತೆ ಸೇವೆಗೆ ತರಲಾಯಿತು. 'ಬ್ರಹ್ಮಪುತ್ರ'ವನ್ನೂ ಮತ್ತೆ ಕಡಲಿಗಿಳಿಸಬೇಕೆಂದು 2024ರ ಜುಲೈಯಲ್ಲಿ ಸ್ಥಳಪರಿಶೀಲನೆಗೆ ಬಂದ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ದಿನೇಶ್ ತ್ರಿಪಾಠಿ ಸೂಚಿಸಿದಾಗ, ಆ ಮಾತಿನ ಹಿಂದೆ 'ಬೇತ್ವಾ'ದ ಅನುಭವವಿತ್ತು.

ಅಮೆರಿಕದ ವರದಿ ಹೇಳಿದ್ದು

ನಮ್ಮ ತನಿಖಾ ವರದಿಗಳು ಸಾರ್ವಜನಿಕರ ಕೈಗೆ ಬರುವುದು ವಿರಳ. ಅಮೆರಿಕದ ನೌಕಾಪಡೆ 2021ರ ಅಕ್ಟೋಬರಿನಲ್ಲಿ 'ಬಾನ್ ಓಮ್ ರಿಚರ್ಡ್' ನೌಕೆಯ ಬೆಂಕಿಯ ಬಗೆಗಿನ ತನಿಖೆಯನ್ನು ಪ್ರಕಟಿಸಿತು. ಇಂತಹ ಘಟನೆಗಳ ಒಳಗುಟ್ಟನ್ನು ಅಷ್ಟು ನಿರ್ದಾಕ್ಷಿಣ್ಯವಾಗಿ ಬಿಚ್ಚಿಟ್ಟ ದಾಖಲೆ ಇನ್ನೊಂದಿರಲಾರದು.

ನಲವತ್ತು ಸಾವಿರ ಟನ್ನಿನ ಆ ಬೃಹನ್ನೌಕೆ ದೀರ್ಘ ದುರಸ್ತಿಯ ಕೊನೆಯ ಘಟ್ಟದಲ್ಲಿ ಸ್ಯಾನ್ ಡಿಯಾಗೋದಲ್ಲಿ ನಿಂತಿತ್ತು. 2020ರ ಜುಲೈ 12, ಅದೂ ಭಾನುವಾರವೇ. ಬೆಳಿಗ್ಗೆ ವಾಹನಗಳನ್ನಿಡುವ ಕೆಳ ಅಂತಸ್ತಿನಲ್ಲಿ ಹೊಗೆ ಕಂಡಿತು. ಹೊಗೆ ಕಂಡವರು ಮೊದಲು ಅದು ಬೆಂಕಿಯೇ ಹೌದೆಂದು ಖಚಿತಪಡಿಸಿಕೊಳ್ಳಹೊರಟರು. ಎಚ್ಚರಿಕೆಯ ಘೋಷಣೆಗೆ ಸುಮಾರು ಹತ್ತು ನಿಮಿಷ ತಡವಾಯಿತು. ಹಡಗಿನ ಅಗ್ನಿಶಾಮಕ ನೆಲೆಗಳಲ್ಲಿ ಶೇಕಡಾ 87ರಷ್ಟು ದುರಸ್ತಿಯ ನೆಪದಲ್ಲಿ ಕೆಲಸಕ್ಕೆ ಬಾರದಂತಿದ್ದವು. ಇನ್ನೂ ಶೋಚನೀಯವಾದುದೆಂದರೆ, ಗುಂಡಿಯೊಂದನ್ನು ಒತ್ತಿದರೆ ನೊರೆ ಸುರಿದು ಬೆಂಕಿಯನ್ನು ಅಡಗಿಸಬಲ್ಲ ವ್ಯವಸ್ಥೆ ಇದ್ದೂ ಅದನ್ನು ಯಾರೂ ಒತ್ತಲಿಲ್ಲ. ಅದರ ನಿರ್ವಹಣೆ ಸರಿಯಾಗಿ ಆಗಿರಲಿಲ್ಲ, ಅದನ್ನು ಬಳಸಬೇಕೆಂಬ ಅರಿವು ಅಲ್ಲಿದ್ದವರಿಗೆ ಇರಲಿಲ್ಲ. ನೌಕಾಪಡೆಯ ದಳ ಹಾಗೂ ನಗರದ ದಳಗಳು ಒಟ್ಟಾಗಿ ಅಭ್ಯಾಸ ಮಾಡಿರಲಿಲ್ಲ. ಹೆಲಿಕಾಪ್ಟರುಗಳಿಂದ 1,500ಕ್ಕೂ ಹೆಚ್ಚು ಬಾರಿ ನೀರು ಸುರಿದರೂ ಬೆಂಕಿ ನಾಲ್ಕು ದಿನ ಉರಿಯಿತು. ಪ್ರಾಣಹಾನಿಯಾಗಲಿಲ್ಲವೆಂಬುದೊಂದೇ ಸಮಾಧಾನ. ದುರಸ್ತಿಗೆ 250 ಕೋಟಿ ಡಾಲರಿಗೂ ಮಿಕ್ಕಿದ ವೆಚ್ಚವಾದೀತೆಂದು ತಿಳಿದಾಗ ಹಡಗನ್ನು ಕೈಬಿಡಲಾಯಿತು. ಗುಜರಿಯಾಗಿ ಬಂದ ಬೆಲೆ 36 ಲಕ್ಷ ಡಾಲರಿಗಿಂತ ಸ್ವಲ್ಪ ಹೆಚ್ಚು. ಲೆಕ್ಕಪತ್ರದೊಂದಿಗೆ ಬದುಕು ಸವೆಸಿದ ನಮ್ಮಂಥವರಿಗೆ ಈ ಎರಡು ಅಂಕಿಗಳನ್ನು ಒಂದೇ ಸಾಲಿನಲ್ಲಿ ಓದುವುದು ಕಷ್ಟ.

ಬೆಂಕಿ ಹಚ್ಚಿದನೆಂಬ ಆರೋಪ ಹೊತ್ತಿದ್ದ ಯುವ ನಾವಿಕನೊಬ್ಬ 2022ರ ಸೆಪ್ಟೆಂಬರಿನಲ್ಲಿ ಸೇನಾ ನ್ಯಾಯಾಲಯದಲ್ಲಿ ನಿರ್ದೋಷಿಯೆನಿಸಿದ. ಕಿಡಿ ಯಾರದೇ ಆಗಿರಲಿ, ಹಡಗು ಕಳೆದುಹೋದದ್ದು ಬೆಂಕಿಯನ್ನು ಎದುರಿಸುವಲ್ಲಿನ ಸಾಲುಸಾಲು ವೈಫಲ್ಯಗಳಿಂದ ಎಂದು ವರದಿ ಹೇಳಿ, 36 ಮಂದಿಯನ್ನು ಹೊಣೆಗಾರರೆಂದು ಗುರುತಿಸಿತು. ಅವರಲ್ಲಿ ಅಡ್ಮಿರಲ್ ದರ್ಜೆಯವರೂ ಇದ್ದರು. ಅಷ್ಟೇ ಅಲ್ಲ. 2012ರ ಮೇ 23ರಂದು 'ಮಿಯಾಮಿ' ಎಂಬ ಅಮೆರಿಕದ ಪರಮಾಣು ಜಲಾಂತರ್ಗಾಮಿಗೆ ದುರಸ್ತಿಯ ವೇಳೆ, ಕೆಲಸದಿಂದ ಬೇಗ ಮನೆಗೆ ಹೋಗಬೇಕೆಂದು ಕಾರ್ಮಿಕನೊಬ್ಬ ಚಿಂದಿಗೆ ಬೆಂಕಿಯಿಟ್ಟಿದ್ದ. ಅವನಿಗೆ 17 ವರ್ಷಗಳ ಸೆರೆವಾಸವಾಯಿತು, ಜಲಾಂತರ್ಗಾಮಿ ಗುಜರಿಗೆ ಹೋಯಿತು. ಆ ಪ್ರಕರಣದ ಬಳಿಕ ಹೊಸ ಕೈಪಿಡಿ ರಚನೆಯಾಗಿತ್ತು, ಪಾಠಗಳನ್ನೆಲ್ಲ ಅದರಲ್ಲಿ ಬರೆಯಲಾಗಿತ್ತು. ಎಂಟು ವರ್ಷಗಳ ತರುವಾಯ ಆ ಪಾಠಗಳು ಪಾಲನೆಯಾಗದೆ ಪುಟಗಳಲ್ಲಿಯೇ ಉಳಿದಿದ್ದವು.

ಕೈಪಿಡಿಯಲ್ಲಿ ಏನಿರುತ್ತದೆಂಬುದು ಕಠಿಣ ವಿದ್ಯೆಯಲ್ಲ. ಕಿಡಿಯೇಳುವ ಕೆಲಸಕ್ಕೆ ಮುಂಚಿತವಾಗಿ ಲಿಖಿತ ಅನುಮತಿ ಬೇಕು. ಅನುಮತಿಗೆ ಮೊದಲು ಜವಾಬ್ದಾರನೊಬ್ಬ ಸ್ಥಳಕ್ಕೆ ಹೋಗಿ ಗೋಡೆಯ ಆಚೆಬದಿಯನ್ನೂ ನೋಡಬೇಕು. ಕೆಲಸ ನಡೆಯುವಾಗ ಕೈಯಲ್ಲಿ ನಂದಕ ಹಿಡಿದ ಕಾವಲುಗಾರ ನಿಂತಿರಬೇಕು, ಮುಗಿದ ಮೇಲೂ ಕನಿಷ್ಠ ಅರ್ಧ ಗಂಟೆ ಅಲ್ಲಿಯೇ ಇರಬೇಕು. ಹಡಗಿನ ಅಗ್ನಿಶಾಮಕ ಕೊಳವೆ ಬಿಚ್ಚಿದ್ದರೆ ದಡದಿಂದ ಬದಲಿ ನೀರಿನ ಸಂಪರ್ಕವಿರಬೇಕು. ಬಾಗಿಲಿನಲ್ಲಿ ಹಾಯ್ದ ಕೇಬಲ್ಲುಗಳನ್ನು ಒಡನೆಯೇ ಬಿಚ್ಚಲು ಬರುವಂತಿರಬೇಕು. ಕಷ್ಟವಿರುವುದು ಅನುಮತಿಪತ್ರದ ಸಹಿಯಲ್ಲಿ. ಸ್ಥಳಕ್ಕೆ ಹೋಗಿ ನೋಡಿ ಹಾಕಿದ ಸಹಿಗೂ, ಮೇಜಿನ ಮೇಲೆ ಬಂದ ಕಾಗದಗಳ ಕಟ್ಟಿಗೆ ಒಂದರ ಮೇಲೊಂದು ಹಾಕಿದ ಸಹಿಗೂ ಕಾಗದದ ಮೇಲೆ ವ್ಯತ್ಯಾಸ ಕಾಣದು. ಮೂವತ್ತು ವರ್ಷ ಬ್ಯಾಂಕಿನ ಮೇಜಿನ ಹಿಂದೆ ಕುಳಿತವರು ಇದನ್ನು ಬಲ್ಲರು.

ಕಾರವಾರದ ಎರಡು ಘಟನೆಗಳು

ಕರ್ನಾಟಕದ ಕರಾವಳಿಗೂ ಈ ವಿಷಯ ದೂರದ್ದಲ್ಲ. ಕಾರವಾರದ 'ಐ.ಎನ್.ಎಸ್. ಕದಂಬ' ನೆಲೆ 2005ರಲ್ಲಿ ಸೇವೆಗೆ ತೆರೆದುಕೊಂಡಿತು. ಹಡಗುಗಳನ್ನು ನೀರಿನಿಂದ ಮೇಲೆತ್ತಿ ದಡದ ಮೇಲೆಯೇ ದುರಸ್ತಿ ಮಾಡಲು ಅಲ್ಲಿ 10,000 ಟನ್ನು ಎತ್ತಬಲ್ಲ ಯಂತ್ರವ್ಯವಸ್ಥೆಯಿದೆ. ವಿಮಾನವಾಹಕ 'ವಿಕ್ರಮಾದಿತ್ಯ'ದ ನೆಲೆಯೂ ಅದೇ.

2019ರ ಏಪ್ರಿಲ್ 26ರಂದು 'ವಿಕ್ರಮಾದಿತ್ಯ' ಕಾರವಾರದ ಬಂದರನ್ನು ಪ್ರವೇಶಿಸುತ್ತಿದ್ದಾಗ ಬೆಂಕಿ ಕಾಣಿಸಿತು. ಹಡಗು ಇನ್ನೂ ದಡ ಸೇರಿರಲಿಲ್ಲ. ಸಿಬ್ಬಂದಿ ಅವರವರ ಸ್ಥಾನಗಳಲ್ಲಿದ್ದರು. ಲೆಫ್ಟಿನೆಂಟ್ ಕಮಾಂಡರ್ ಡಿ.ಎಸ್. ಚೌಹಾಣ್ ಮುಂದಾಳಾಗಿ ಒಳಹೊಕ್ಕು ಬೆಂಕಿಯನ್ನು ಎದುರಿಸಿದರು. ಬೆಂಕಿ ಹತೋಟಿಗೆ ಬಂದಿತು, ನೌಕೆಯ ಯುದ್ಧಸಾಮರ್ಥ್ಯಕ್ಕೆ ಗಂಭೀರ ಹಾನಿ ತಟ್ಟಲಿಲ್ಲ. ಹೊಗೆ ಮತ್ತು ಝಳದಿಂದ ಪ್ರಜ್ಞೆ ತಪ್ಪಿದ ಚೌಹಾಣರನ್ನು ಕಾರವಾರದ ನೌಕಾ ಆಸ್ಪತ್ರೆ 'ಪತಂಜಲಿ'ಗೆ ಸೇರಿಸಲಾಯಿತು. ಅವರು ಬದುಕಿ ಉಳಿಯಲಿಲ್ಲ.

2021ರ ಮೇ 8ರ ಬೆಳಗ್ಗೆ ಅದೇ ನೌಕೆಯಲ್ಲಿ, ಈ ಸಲ ಬಂದರಿನಲ್ಲಿ ನಿಂತಿದ್ದಾಗ, ನಾವಿಕರ ವಸತಿಯ ಭಾಗದಿಂದ ಹೊಗೆಯೆದ್ದಿತು. ಸರದಿಯಲ್ಲಿದ್ದವರು ಹೊಗೆ ಕಂಡೊಡನೆ ಕಾರ್ಯಪ್ರವೃತ್ತರಾದರು. ಬೆಂಕಿ ಹರಡಲಿಲ್ಲ, ಯಾರಿಗೂ ಅಪಾಯವಾಗಲಿಲ್ಲ, ನೌಕೆಯಲ್ಲಿದ್ದ ಎಲ್ಲರೂ ಲೆಕ್ಕಕ್ಕೆ ಸಿಕ್ಕರು. ಮರುದಿನದ ಪತ್ರಿಕೆಗಳಲ್ಲಿ ಅದು ಕೆಲವೇ ಸಾಲುಗಳ ಸುದ್ದಿಯಾಗಿತ್ತು.